ಮೂರು ಸಲ ಓಡುವ ಹಳೇ ಕಲರ್ ಸ್ಕ್ಯಾನರ್: ಗೆರೆಗಳ ಅಂಚಿನಲ್ಲಿ ಬಣ್ಣ ಯಾಕೆ?

ಹಳೆಮ್ಯಾಕ್:
ಮೈಕ್ರೋಟೆಕ್ ಸ್ಕ್ಯಾನ್‌ಮೇಕರ್ II ಅನ್ನು ಹಳೇ ಮ್ಯಾಕಿಂಟಾಷ್‌ಗೆ ಸ್ಕಸಿ (ಹಲವು ಸಾಧನಗಳನ್ನು ಸರಪಳಿಯಂತೆ ಜೋಡಿಸುವ ಹಳೇ ಕೊಂಡಿ) ಕೇಬಲ್‌ನಲ್ಲಿ ಜೋಡಿಸಿದ್ದೇನೆ. ಒಂದು ಕಲರ್ ಚಿತ್ರಕ್ಕೆ ದೀಪ ಮೂರು ಸಲ ಓಡುತ್ತದೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅಡ್ಡಗೆರೆಗಳ ಮೇಲಂಚು ಕೆಂಪು, ಕೆಳಗೆ ತಿಳಿ ನೀಲಿ. ಉದ್ದಗೆರೆಗಳು ಸರಿಯಾಗೇ ಇವೆ. ಸೆನ್ಸರ್ ಹೋಗಿದೆಯಾ?

ಮಸೂರ:
ಸೆನ್ಸರ್ ಚೆನ್ನಾಗಿದೆ. ಕೆಟ್ಟಿದ್ದರೆ ದೀಪ ಓಡುವ ದಿಕ್ಕಿನಲ್ಲಿ ಪುಟದುದ್ದಕ್ಕೂ ಒಂದು ಪಟ್ಟೆ ಬರುತ್ತಿತ್ತು. ಕೆಂಪು, ಹಸಿರು, ನೀಲಿಯನ್ನು ಇದು ಬೇರೆಬೇರೆ ಓಟದಲ್ಲಿ ಓದುತ್ತದೆ, ಪ್ರತಿ ಸಲವೂ ಕ್ಯಾರೇಜ್ (ದೀಪ ಹೊತ್ತು ಓಡುವ ಗಾಡಿ) ಅದೇ ಜಾಗಕ್ಕೆ ಬಂದು ನಿಲ್ಲಬೇಕು. 300 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ 0.085 ಮಿ.ಮೀ. ಅಷ್ಟು ಜಾರಿದರೂ ಕಣ್ಣಿಗೆ ಹೊಡೆಯುತ್ತದೆ. ನಿಮ್ಮದರಲ್ಲಿ ಕೆಂಪು ಮಾತ್ರ ಕೆಳಗೆ ಸರಿದಿದೆ.

ತೆಳು ಕಪ್ಪು ಗೆರೆಯ ಚೌಕಳಿ ಹಾಳೆ ಸ್ಕ್ಯಾನ್ ಮಾಡಿ ನೋಡಿ. ಬಣ್ಣದಂಚು ಪುಟದ ಮೇಲೂ ಕೆಳಗೂ ಒಂದೇ ಅಗಲವೋ, ಕೆಳಗೆ ಬಂದ ಹಾಗೆ ಹೆಚ್ಚುತ್ತದೋ?

ಹಳೆಮ್ಯಾಕ್:
ಮೇಲೆ ಇಲ್ಲವೇ ಇಲ್ಲ. ಕೆಳಗೆ ಸುಮಾರು ಎರಡು ಪಿಕ್ಸೆಲ್.

ಮಸೂರ:
ಹಾಗಿದ್ದರೆ ಬೆಲ್ಟ್ ಸಡಿಲವಾಗಿದೆ, ಇಲ್ಲವೇ ಕ್ಯಾರೇಜ್ ಓಡುವ ಕಂಬಿಯ ಗ್ರೀಸ್ ಗಟ್ಟಿಯಾಗಿದೆ. ಪ್ಲಗ್ ಕಿತ್ತು, ಗಾಜು ತೆಗೆದು, ಕಂಬಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಬಟ್ಟೆಗೆ ಒಂದೆರಡು ಹನಿ ಹಾಕಿ ಸವರಿದರೆ ಸಾಕು. ಕನ್ನಡಿಗೆ ಎಣ್ಣೆ ತಾಗಲೇಬಾರದು. ಈಗಾಗಲೇ ತೆಗೆದ ಚಿತ್ರಗಳಿಗೆ ಫೋಟೋಶಾಪ್‌ನಲ್ಲಿ ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಭಾಗ) ಮಾತ್ರ ಆರಿಸಿ, ಮೂವ್ ಟೂಲ್ ಹಿಡಿದು ಮೇಲ್ಬಾಣದ ಕೀ ಒತ್ತಿ. ಜಾರಿಕೆ ಏಕರೂಪವಲ್ಲದ್ದರಿಂದ ಪುಟವನ್ನು ತುಂಡುತುಂಡಾಗಿ ಸರಿಪಡಿಸಬೇಕಾಗುತ್ತದೆ.

ಇನ್ನೊಂದು ಮಾತು: ದೀಪ ಬಿಸಿಯಾಗುವ ಮೊದಲೇ ಸ್ಕ್ಯಾನ್ ಶುರು ಮಾಡಬೇಡಿ. ಮೊದಲ ಓಟಕ್ಕೂ ಕೊನೆಯದಕ್ಕೂ ಬೆಳಕಿನ ಪ್ರಮಾಣ ಬದಲಾದರೆ ಇಡೀ ಚಿತ್ರಕ್ಕೇ ಒಂದು ಬಣ್ಣದ ಛಾಯೆ ಹತ್ತುತ್ತದೆ.

ಪಟ್ಟಕ:
ಈ ತೊಂದರೆ ತಪ್ಪಿಸಲೆಂದೇ ಒಂದೇ ಓಟದ ಯಂತ್ರಗಳು ಬಂದವು. ಶಾರ್ಪ್‌ನ ಜೆಎಕ್ಸ್-450ರಲ್ಲಿ ಮೂರು ಬಣ್ಣದ ಟ್ಯೂಬ್‌ಗಳು ಪ್ರತಿ ಸಾಲಿಗೂ ಒಂದಾದ ಮೇಲೊಂದು ಮಿನುಗುತ್ತಿದ್ದವು. ಎಚ್‌ಪಿಯ ಸ್ಕ್ಯಾನ್‌ಜೆಟ್ IIಸಿ (1991, 400 ಡಿಪಿಐ) ಬಿಳಿ ಬೆಳಕಿನ ಚಿತ್ರವನ್ನೇ ವಿಶೇಷ ಲೇಪನದ ಗಾಜುಗಳಿಂದ ಮೂರಾಗಿ ಸೀಳಿ, ಮೂರು ಸಾಲು ಸೆನ್ಸರ್‌ಗೆ ಒಟ್ಟಿಗೇ ಬೀಳಿಸುತ್ತಿತ್ತು. ಆ ಕಾಲಕ್ಕೆ ನನಗೆ ಅತ್ಯಂತ ಚೊಕ್ಕ ಅನ್ನಿಸುವ ಪರಿಹಾರ ಇದು. ಕೊನೆಗೆ ಗೆದ್ದದ್ದು ಮಾತ್ರ ಚಿಪ್ ಮೇಲೇ ಬಣ್ಣದ ಫಿಲ್ಟರ್ ಹಚ್ಚಿದ ಮೂರು ಸಾಲಿನ ಸಿಸಿಡಿ (ಬೆಳಕು ಓದುವ ಸೆನ್ಸರ್ ಚಿಪ್). ಸಾಲುಗಳ ನಡುವಿನ ಅಂತರವನ್ನು ಮೆಮೊರಿಯಲ್ಲಿ ಹಿಡಿದಿಟ್ಟು ಹೊಂದಿಸಬೇಕಿತ್ತು, ಮೆಮೊರಿ ಅಗ್ಗವಾದ ಮೇಲೆ ಅದು ಕಷ್ಟವೇ ಅಲ್ಲ.

ಮೆಮೊರಿ ಅಂದಾಗ: ಎ4 ಪುಟ 300 ಡಿಪಿಐ, 24 ಬಿಟ್‌ಗೆ (ಪಿಕ್ಸೆಲ್‌ಗೆ 3 ಬೈಟ್) 2480 × 3508 × 3, ಅಂದರೆ ಸುಮಾರು 26 ಎಂಬಿ. ಹಳೇ ಮ್ಯಾಕ್‌ನಲ್ಲಿ 4×6 ಇಂಚಿನ ಫೋಟೋ 150 ಡಿಪಿಐಗೆ (1.6 ಎಂಬಿ) ಇಳಿಸಿಕೊಂಡೇ ಪರೀಕ್ಷೆ ಮಾಡಿ.

ಹಳೆಮ್ಯಾಕ್:
ಕೆಲವೊಮ್ಮೆ ಸ್ಕ್ಯಾನರ್ ಮ್ಯಾಕ್‌ಗೆ ಕಾಣಿಸುವುದೇ ಇಲ್ಲ. ಅದಕ್ಕೇನು?

ಮಸೂರ:
ಸ್ಕಸಿಯಲ್ಲಿ ಪ್ರತಿ ಸಾಧನಕ್ಕೂ ಒಂದು ಐಡಿ ಸಂಖ್ಯೆ ಇರುತ್ತದೆ: 0 ಒಳಗಿನ ಡಿಸ್ಕ್‌ನದು, 7 ಮ್ಯಾಕ್‌ನದು. ಉಳಿದದ್ದರಲ್ಲಿ ಬೇರೆ ಯಾವುದಕ್ಕೂ ಕೊಡದ್ದನ್ನು ಇಡಿ. ಸರಪಳಿಯ ಕೊನೆಯಲ್ಲಿ ಸ್ಕ್ಯಾನರ್ ಇದ್ದರೆ ಟರ್ಮಿನೇಟರ್ (ಸರಪಳಿಯ ತುದಿಗೆ ಹಾಕುವ ಪ್ಲಗ್) ಬೇಕೇ ಬೇಕು. ಮೊದಲು ಸ್ಕ್ಯಾನರ್ ಆನ್, ಆಮೇಲೆ ಮ್ಯಾಕ್. ಕರೆಂಟ್ ಇದ್ದಾಗ ಕೇಬಲ್ ಕೀಳಬೇಡಿ, ಪೋರ್ಟ್ ಸುಟ್ಟುಹೋಗಬಹುದು.