ಫ್ರೋಜನ್ ಮೊಮೊ ತಳ ಹಿಡಿಯದ ಹಾಗೆ ಹುರಿಯುವುದು ಹೇಗೆ?

ಪ್ರಶ್ನೆ (ಮುಂಬೈ ಹತ್ತಿರದ ಡೊಂಬಿವಲಿ): ಅಣ್ಣ, ನೀವು ಮುಲುಂಡಿನ ಹೋಟೆಲಿನಲ್ಲಿ ಚೈನೀಸ್ ಕೌಂಟರ್ ನೋಡಿಕೊಂಡವರು, ಅದಕ್ಕೇ ಕೇಳುತ್ತಿದ್ದೇನೆ. ದಾದರಿನಿಂದ ಫ್ರೋಜನ್ ಚಿಕನ್ ಮೊಮೊ ತಂದು ಮನೆಯಲ್ಲಿ ಮೂರು ಸಲ ಹುರಿದೆ. ಮೂರು ಸಲವೂ ಅದೇ ಕಥೆ. ಎತ್ತಲು ಹೋದರೆ ಅಡಿ ಬಾಣಲೆಯಲ್ಲೇ ಉಳಿಯುತ್ತದೆ, ಒಳಗಿನ ಹೂರಣ ಮಾತ್ರ ಸಟ್ಟುಗಕ್ಕೆ ಬರುತ್ತದೆ. ಮೊದಲು ಅರ್ಧ ಗಂಟೆ ಹೊರಗಿಟ್ಟು ಮೆತ್ತಗೆ ಮಾಡಿಕೊಂಡೇ ಹಾಕಿದ್ದು. ಎಣ್ಣೆಯೂ ಜಾಸ್ತಿಯೇ ಇತ್ತು. ಮಗಳು ಟ್ಯೂಷನ್ ಮುಗಿಸಿ ರಾತ್ರಿ ಎಂಟಕ್ಕೆ ಬರುತ್ತಾಳೆ, ಬಂದವಳಿಗೆ ಇದೇ ಬೇಕು.

ಉತ್ತರ: ಅಕ್ಕ, ಆ ಅರ್ಧ ಗಂಟೆಯೇ ಕೆಲಸ ಕೆಡಿಸಿದ್ದು. ಮೊಮೊ ಹೊರಗಿಟ್ಟರೆ ಮೇಲಿನ ಮಂಜು ಕರಗಿ ಹಿಟ್ಟು ನೆನೆಯುತ್ತದೆ. ನೆನೆದ ಮೈದಾ ಬಿಸಿ ತಾಗಿದರೆ ಏನಾಗುತ್ತದೆ ಹೇಳಿ, ಹಿಂದೆ ನಾವು ಪುಸ್ತಕಕ್ಕೆ ರಟ್ಟು ಹಾಕಲು ಕಾಯಿಸುತ್ತಿದ್ದ ಅಂಟು, ಅದೇ ಅಲ್ವಾ? ಫ್ರೀಜರಿನಿಂದ ನೇರ ಬಾಣಲೆಗೆ ಹಾಕಿ. ಮೇಲೆ ಮಂಜಿನ ಪುಡಿ ಕಂಡರೆ ಕೈಯಲ್ಲಿ ಉದುರಿಸಿ, ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ.

ಇನ್ನೊಂದು ವಿಷಯ, ದಾದರಿನ ಅಂಗಡಿಯಿಂದ ಲೋಕಲ್ ರೈಲು ಹಿಡಿದು ನಿಮ್ಮ ಫ್ರೀಜರ್ ಸೇರುವಷ್ಟರಲ್ಲಿ ಒಂದು ಗಂಟೆಯ ಮೇಲಾಗುತ್ತದೆ, ಸಂಜೆಯ ಗರ್ದಿಯಲ್ಲಂತೂ ಇನ್ನೂ ಜಾಸ್ತಿ, ಅಷ್ಟರಲ್ಲೇ ಅವು ಅರ್ಧ ಕರಗಿರುತ್ತವೆ, ಮತ್ತೆ ಗಟ್ಟಿಯಾಗುವಾಗ ಒಂದಕ್ಕೊಂದು ಅಂಟುತ್ತವೆ. ತೆಳ್ಳನೆಯ ಥರ್ಮಲ್ ಚೀಲ ಜೊತೆಗಿಟ್ಟುಕೊಳ್ಳಿ, ಇಲ್ಲ ನಿಮ್ಮ ಡೊಂಬಿವಲಿ ಸ್ಟೇಷನ್ ಹತ್ತಿರವೇ ಕೊಳ್ಳಿ. ಚಿಕನ್ ಪೂರ್ತಿ ಕರಗಿದ್ದರೆ ಮತ್ತೆ ಫ್ರೀಜರಿಗೆ ಇಡಬೇಡಿ, ಅವತ್ತೇ ಬೇಯಿಸಿಬಿಡಿ.

ಈಗ ಹುರಿಯುವುದು. ಬಾಣಲೆ ಮಧ್ಯಮ ಉರಿಯಲ್ಲಿ ಕಾಯಲಿ. ಎಂಟು ಹತ್ತು ಮೊಮೊಗೆ ಒಂದು ದೊಡ್ಡ ಚಮಚ ಎಣ್ಣೆ ಸಾಕು, ಬಾಣಲೆಯನ್ನು ಓರೆ ಮಾಡಿ ತಳವೆಲ್ಲ ಸವರಿ. ಚಪ್ಪಟೆ ಭಾಗ ಕೆಳಗೆ ಬರುವ ಹಾಗೆ, ಒಂದಕ್ಕೊಂದು ತಾಗದ ಹಾಗೆ ಇಡಿ. ಎರಡು ಮೂರು ನಿಮಿಷ ಮುಟ್ಟಲೇಬೇಡಿ. ಇಲ್ಲೇ ಎಲ್ಲರೂ ಎಡವುವುದು, ನನ್ನ ಹತ್ತಿರ ಕಲಿಯಲು ಬಂದ ಹುಡುಗರೂ ಹೀಗೆಯೇ ಕೆದಕುತ್ತಿದ್ದರು. ದೋಸೆ ನೋಡಿ, ಬೆಂದ ಮೇಲೆ ಅಂಚು ತಾನೇ ಬಿಡುತ್ತದೆ, ಅದಕ್ಕೆ ಮೊದಲೇ ಎಬ್ಬಿಸಿದರೆ ಹರಿಯುತ್ತದೆ. ಇದೂ ಹಾಗೆಯೇ.

ಅಡಿ ಹೊಂಬಣ್ಣಕ್ಕೆ ಬಂದ ಮೇಲೆ ಒಂದು ಕೈಯಲ್ಲಿ ಮುಚ್ಚಳ ಹಿಡಿದು ಕಾಲು ಲೋಟ ನೀರು ಸುರಿಯಿರಿ, ತಕ್ಷಣ ಮುಚ್ಚಿ. ಐದರಿಂದ ಏಳು ನಿಮಿಷ ಸಣ್ಣ ಉರಿ. ಆಮೇಲೆ ಮುಚ್ಚಳ ತೆಗೆದು ಕಿವಿ ಕೊಡಿ. ನೀರಿರುವಷ್ಟು ಹೊತ್ತು ಕೊತಕೊತ ಅನ್ನುತ್ತದೆ, ಆರಿದ ಮೇಲೆ ಸಣ್ಣಗೆ ಚಟಪಟ. ಆಗ ಅಂಚಿನಿಂದ ಒಂದು ಚಿಕ್ಕ ಚಮಚ ಎಣ್ಣೆ ಬಿಡಿ, ಇನ್ನೊಂದು ನಿಮಿಷ ಇಟ್ಟು ಬಾಣಲೆ ಅಲ್ಲಾಡಿಸಿ. ಮೊಮೊ ಜಾರಿದರೆ ಆಯಿತು. ಜಾರದಿದ್ದರೆ ಇನ್ನೂ ಅರ್ಧ ನಿಮಿಷ ಕಾಯಿರಿ.

ಚೀನಾದಲ್ಲಿ ಹೀಗೆ ಹುರಿದದ್ದಕ್ಕೆ ಗುವೋಟಿಯೆ ಅನ್ನುತ್ತಾರೆ, ಪಾತ್ರೆಗೆ ಅಂಟಿದ್ದು ಅಂತಲೇ ಅರ್ಥ. ಜಪಾನಿನ ಗ್ಯೋಜಾ ಕೂಡ ಇದೇ ವಂಶ, ಎರಡನೇ ಮಹಾಯುದ್ಧದ ನಂತರ ಚೀನಾದಿಂದ ಊರಿಗೆ ಮರಳಿದವರಿಂದ ಅಲ್ಲಿ ಮನೆಮಾತಾಯಿತು.

ಪ್ರಶ್ನೆ (ಪುಣೆ, ಕೊಥ್ರುಡ್): ಸರ್, ನಮ್ಮಲ್ಲಿ ನಾನ್‌ಸ್ಟಿಕ್ ಇಲ್ಲ, ಸ್ಟೀಲ್ ಬಾಣಲೆ ಮತ್ತು ಅಜ್ಜಿಯ ಕಬ್ಬಿಣದ ಕಾವಲಿ ಇದೆ. ಯಾವುದು ಒಳ್ಳೆಯದು? ಚಿಕನ್ ಒಳಗೆ ಬೆಂದಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಅಜ್ಜಿಯ ಕಾವಲಿಯೇ ಇರಲಿ. ದೋಸೆ ಹೊಯ್ದು ಹೊಯ್ದು ಪಳಗಿದ ಕಾವಲಿಗೆ ಮೊಮೊ ಅಂಟುವುದು ಕಡಿಮೆ. ಗುಂಡಗಿನ ಆಳವಾದ ಮುಚ್ಚಳ ಒಂದು ಬೇಕು, ನೀರು ಮಾತ್ರ ಸ್ವಲ್ಪ ಸ್ವಲ್ಪವೇ ಹಾಕಿ. ಸ್ಟೀಲ್ ಆದರೆ ಮೊದಲು ಖಾಲಿ ಕಾಯಿಸಿ ನೀರು ಚಿಮುಕಿಸಿ ನೋಡಿ, ಹನಿ ಮುತ್ತಿನ ಹಾಗೆ ಓಡಾಡಬೇಕು. ಆ ಹನಿ ಒರೆಸಿ, ಉರಿ ತಗ್ಗಿಸಿ ಆಮೇಲೆ ಎಣ್ಣೆ. ನಾನ್‌ಸ್ಟಿಕ್ ಇರುವವರು ಮಾತ್ರ ಹೀಗೆ ಖಾಲಿ ಕಾಯಿಸಬೇಡಿ, ಜೋರು ಉರಿಯಲ್ಲಿ ಅದರ ಲೇಪ ಹಾಳಾಗುತ್ತದೆ.

ಚಿಕನ್‌ಗೆ ನಡುವಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಥರ್ಮಾಮೀಟರ್ ಇಲ್ಲವಾ, ದೊಡ್ಡದೊಂದನ್ನು ಕತ್ತರಿಸಿ ನೋಡಿ, ಹೂರಣ ನಡುವಿನಲ್ಲೂ ಸುಡುವಷ್ಟು ಬಿಸಿ ಇರಬೇಕು, ಗುಲಾಬಿ ಬಣ್ಣ ಎಲ್ಲೂ ಇರಬಾರದು. ಕೆಲವು ಪ್ಯಾಕೆಟ್ಟಿನಲ್ಲಿ ಮೊದಲೇ ಬೇಯಿಸಿರುತ್ತಾರೆ, ಕೆಲವು ಹಸಿ. ಪ್ಯಾಕೆಟ್ಟಿನ ಹಿಂದೆ ಓದಿ, ಹಸಿ ಇದ್ದರೆ ಮುಚ್ಚಳ ಇನ್ನೆರಡು ನಿಮಿಷ ಜಾಸ್ತಿ ಇರಲಿ.

ಪ್ರಶ್ನೆ (ಡೊಂಬಿವಲಿ): ಅಣ್ಣ, ನಿನ್ನೆ ರಾತ್ರಿ ಮಾಡಿದೆ. ಒಂಬತ್ತರಲ್ಲಿ ಏಳು ಇಡಿಯಾಗಿ ಬಂದವು! ಅಡಿ ಕೆಂಪಗೆ, ಗರಿಗರಿ. ಉಳಿದೆರಡು ಪ್ಯಾಕೆಟ್ಟಿನಲ್ಲೇ ಅಂಟಿಕೊಂಡಿದ್ದವು, ಬಿಡಿಸಲು ಹೋಗಿ ಹರಿದವು.

ಉತ್ತರ: ಬಹಳ ಖುಷಿಯಾಯಿತು ಅಕ್ಕ. ಮುಂದಿನ ಸಲ ಅಂಟಿದ್ದನ್ನು ಎಳೆಯಬೇಡಿ, ಜೋಡಿಯಾಗಿಯೇ ಇಡಿ. ಹಬೆಯಲ್ಲಿ ಬೆಂದು ಮೆತ್ತಗಾದ ಮೇಲೆ ಸಟ್ಟುಗದ ಅಂಚಿಗೆ ಎಣ್ಣೆ ಸವರಿ ನಡುವೆ ಮೆಲ್ಲಗೆ ಒತ್ತಿ, ಬಿಡುತ್ತವೆ.