ಲಂಗ ತೊಟ್ಟ ಮತದಾರರು

“ನ್ಯೂಜೆರ್ಸಿಯಲ್ಲಿ ಹೀಗಿಲ್ಲ” ಎಂದರು ರಾಯರು.

ಅಮೆರಿಕದ ಆ ರಾಜ್ಯದ ಎಡಿಸನ್ ಊರಿನಲ್ಲಿರುವ ಮಗನ ಮನೆಗೆ ಹೋಗಿ ಬಂದಾಗಿನಿಂದ ಇದೇ ಪಲ್ಲವಿ. ಹಾಲು ತಡವಾದರೂ ನ್ಯೂಜೆರ್ಸಿ, ಬೀದಿನಾಯಿ ಬೊಗಳಿದರೂ ನ್ಯೂಜೆರ್ಸಿ. ಇಂದು ಪತ್ರಿಕೆಯಲ್ಲಿ ಕಳ್ಳಮತದ ಸುದ್ದಿ ಬಂದಿತ್ತು. ಇನ್ನು ಕೇಳಬೇಕೆ?

“ಯಾವ ಕಾಲದ ನ್ಯೂಜೆರ್ಸಿ?” ಎಂದು ಒಳಗಿನಿಂದಲೇ ಕೇಳಿದರು ವಿಶಾಲಮ್ಮ. “1807ರಲ್ಲಿ ಹೀಗೇ ಇತ್ತು. ಇನ್ನೂ ಚೆನ್ನಾಗಿತ್ತು. ಅಲ್ಲಿ ಗಂಡಸರು ಲಂಗ ತೊಟ್ಟು ಹೋಗಿ ಮತ ಹಾಕಿದ್ದರಂತೆ.”

ಗೋಪಾಲನ ಕೈಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಅವನು ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡುತ್ತಿದ್ದವನು. “ಲಂಗ ಏಕೆ? ಪ್ಯಾಂಟಿನಲ್ಲೇ ಹಾಕಬಹುದಿತ್ತಲ್ಲ?”

“ಪ್ಯಾಂಟಿನಲ್ಲಿ ಒಮ್ಮೆ ಹಾಕಿಯಾಗಿತ್ತು. ಲಂಗ ಎರಡನೆಯ ಮತಕ್ಕೆ.”

“ಅಮೆರಿಕದಲ್ಲಿ ಹೆಂಗಸರಿಗೆ ಮತ ಬಂದದ್ದೇ 1920ರಲ್ಲಿ” ಎಂದು ರಾಯರು ಗಂಟಲು ಸರಿಪಡಿಸಿಕೊಂಡರು. “ಲಂಗ ತೊಟ್ಟವರನ್ನು ಒಳಗೆ ಬಿಡುವುದೆಲ್ಲಿಂದ ಬಂತು?”

ವಿಶಾಲಮ್ಮ ಕಾಫಿ ತಂದಿಟ್ಟು ಕುಳಿತರು. ಅವರು ಕುಳಿತರೆಂದರೆ ರಾಯರ ಕಥೆ ಮುಗಿಯಿತು.

1776ರ ಜುಲೈ 2ರಂದು ನ್ಯೂಜೆರ್ಸಿ ತನ್ನ ಸಂವಿಧಾನ ಮಾಡಿಕೊಂಡಿತು. ಐವತ್ತು ಪೌಂಡಿನ ಆಸ್ತಿ ಇರುವ, ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಒಂದು ವರ್ಷ ನೆಲೆಸಿದ, ವಯಸ್ಸಿಗೆ ಬಂದ ನಿವಾಸಿಗಳಿಗೆಲ್ಲ ಮತ ಎಂದು ಅದರಲ್ಲಿ ಬರೆದರು. ಗಂಡಸು ಎನ್ನಲಿಲ್ಲ, ಬಿಳಿಯ ಎನ್ನಲಿಲ್ಲ. ಮರೆತರೋ ಬೇಕೆಂದೇ ಬಿಟ್ಟರೋ, ಪಂಡಿತರು ಇನ್ನೂ ಕಿತ್ತಾಡುತ್ತಿದ್ದಾರೆ. 1790ರ ಚುನಾವಣಾ ಕಾನೂನಿನಲ್ಲಂತೂ ಮತದಾರನನ್ನು ‘ಅವನು ಅಥವಾ ಅವಳು’ ಎಂದೇ ಕರೆದರು. ಅದು ಮೊದಲು ಏಳು ಕೌಂಟಿಗಳಿಗೆ ಮಾತ್ರ. 1797ರಲ್ಲಿ ಇಡೀ ರಾಜ್ಯಕ್ಕೂ ಅದೇ ಮಾತು ಬಂತು.

“ಹಾಗಾದರೆ ಹೆಂಗಸರೆಲ್ಲ ಹೋಗಿ ಹಾಕಿದರೇ?” ಎಂದು ಕೇಳಿದೆ.

“ಎಲ್ಲರೂ ಎಲ್ಲಿ? ಆಗಿನ ಕಾನೂನಿನಲ್ಲಿ ಮದುವೆಯಾದವಳ ಆಸ್ತಿ ಗಂಡನ ಕೈಗೆ ಹೋಗುತ್ತಿತ್ತು. ಅವಳ ಬಳಿ ಐವತ್ತು ಪೌಂಡು ಎಲ್ಲಿಂದ ಬರಬೇಕು? ಮತವಿದ್ದದ್ದು ಮದುವೆಯಾಗದವರಿಗೆ, ವಿಧವೆಯರಿಗೆ. ಅಂದರೆ ನಾನು ಮತ ಹಾಕಬೇಕಿದ್ದರೆ...” ಎಂದು ವಿಶಾಲಮ್ಮ ಪಕ್ಕಕ್ಕೆ ನೋಡಿದರು.

ರಾಯರು ಕಾಫಿ ಲೋಟವನ್ನು ಕೆಳಗಿಟ್ಟು ಅದರೊಳಗೆ ಒಮ್ಮೆ ಇಣುಕಿದರು.

1797ರಲ್ಲಿ ಎಸೆಕ್ಸ್ ಕೌಂಟಿಯ ಶಾಸಕರ ಚುನಾವಣೆ. ನ್ಯೂಆರ್ಕ್‌ನ ಡಾಕ್ಟರ್ ಜಾನ್ ಕಾಂಡಿಟ್ ಎದುರು ಎಲಿಜಬೆತ್‌ಟೌನಿನ ವಿಲಿಯಂ ಕ್ರೇನ್. ಕ್ರೇನ್ ಪಕ್ಷದವರು ಕೊನೆಯ ಗಳಿಗೆಯಲ್ಲಿ ಎಲಿಜಬೆತ್‌ಟೌನಿನ ಹೆಂಗಸರನ್ನು ಕರೆತಂದರು. ಕಾಂಡಿಟ್ ಗೆದ್ದರು, ಆದರೆ ಕೂದಲೆಳೆಯಲ್ಲಿ. ಅಂದಿನಿಂದ ಹೆಂಗಸರ ಮತದ ವಿಚಾರ ಪತ್ರಿಕೆಗಳ ಬಾಯಿಗೆ ಬಿತ್ತು. ಎರಡು ಪಕ್ಷಗಳೂ ಹೆಂಗಸರನ್ನು ಓಲೈಸುತ್ತಿದ್ದವು. ಸೋತ ಪಕ್ಷ ಮಾತ್ರ ಬೈಯುತ್ತಿತ್ತು.

“ಲಂಗಕ್ಕೆ ಬನ್ನಿ” ಎಂದ ಗೋಪಾಲ.

1807ರ ಫೆಬ್ರುವರಿ. ಕೌಂಟಿಯ ಹೊಸ ನ್ಯಾಯಾಲಯದ ಕಟ್ಟಡ ನ್ಯೂಆರ್ಕ್‌ನಲ್ಲಿ ಇರಬೇಕೋ ಎಲಿಜಬೆತ್‌ಟೌನಿನಲ್ಲೋ ಎಂದು ಜನರನ್ನೇ ಕೇಳಿದರು. ಶಾಸಕರನ್ನು ಆರಿಸುವಾಗಲೂ ಕಾಣದ ಉತ್ಸಾಹ! 1800ರ ಜನಗಣತಿಯಲ್ಲಿ ಕೂಸುಕುನ್ನಿ, ಗುಲಾಮರು ಎಲ್ಲ ಸೇರಿ ಎಸೆಕ್ಸ್‌ನ ಜನ ಸುಮಾರು 22,000. ಈಗ ಬಿದ್ದ ಮತ 13,000ಕ್ಕೂ ಹೆಚ್ಚು.

“ತೊಟ್ಟಿಲಿನ ಕೂಸೂ ನ್ಯಾಯಾಲಯ ಬೇಕೆಂದು ಅತ್ತಿರಬೇಕು” ಎಂದರು ವಿಶಾಲಮ್ಮ. “ಒಂದು ಊರಿನಲ್ಲಿ ಹಾಕಿ, ಗಾಡಿ ಹತ್ತಿ ಇನ್ನೊಂದು ಊರಿನಲ್ಲಿ ಹಾಕಿದರು. ಗಂಡಸರು, ಹುಡುಗರು ಹೆಣ್ಣುವೇಷದಲ್ಲಿ ಬಂದರೆಂದು ಅಂದಿನಿಂದಲೂ ಹೇಳುತ್ತಾರೆ.”

ಗೋಪಾಲನಿಗೆ ವೃತ್ತಿಸಹಜವಾದ ಸಂಶಯ ಬಂತು. “ಮೀಸೆ? ನಡಿಗೆ? ದಮಯಂತಿಯಾಗಲು ನನಗೆ ಎರಡು ಗಂಟೆ ಬೇಕಾಗುತ್ತಿತ್ತು. ಆ ಲೆಕ್ಕದಲ್ಲಿ ದಿನಕ್ಕೆ ನಾಲ್ಕು ಮತವೂ ಆಗುವುದಿಲ್ಲ.”

“ನಿನ್ನನ್ನು ರಾತ್ರಿಯಿಡೀ ನೋಡುವವರಿದ್ದರು. ಅಲ್ಲಿ ಗುಮಾಸ್ತನಿಗೆ ಬೇಕಿದ್ದದ್ದು ತನ್ನ ಊರಿನ ಮತ. ತಲೆಗೆ ಹೆಂಗಸರ ಬಾನೆಟ್ ಟೋಪಿ ಇದ್ದರೆ ಸಾಕು, ಗಡ್ಡವಿದ್ದರೂ ‘ಬನ್ನಿ ತಾಯಿ’ ಎನ್ನುತ್ತಿದ್ದ.”

“ನಮ್ಮ ಮೈಸೂರಿನ ಶಾಯಿ ಇದ್ದಿದ್ದರೆ!” ಎಂದು ನಾನು ಎದೆಯುಬ್ಬಿಸಿದೆ. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಬಳಿಯುತ್ತಿರುವುದು ನಮ್ಮೂರಿನ ಬಣ್ಣದ ಕಾರ್ಖಾನೆಯ ಶಾಯಿ. ಸೀರೆ ಬದಲಿಸಬಹುದು, ಬೆರಳು ಬದಲಿಸಲಾಗದು.

“ಶಾಯಿ ಬೇಕಾಗುವುದು ಕಳ್ಳನನ್ನು ಹಿಡಿಯುವ ಮನಸ್ಸಿದ್ದವರಿಗೆ” ಎಂದರು ವಿಶಾಲಮ್ಮ. “ಅಲ್ಲಿಯ ಶಾಸನಸಭೆ ಆ ಮತದಾನವನ್ನು ರದ್ದು ಮಾಡಿತು. ಅಷ್ಟಕ್ಕೇ ನಿಲ್ಲಲಿಲ್ಲ, ನವೆಂಬರಿನಲ್ಲಿ ಹೊಸ ಕಾನೂನು ತಂದಿತು. ರಾಜ್ಯದ ಸುರಕ್ಷತೆ, ಶಾಂತಿ, ಸುವ್ಯವಸ್ಥೆ, ಘನತೆಗಾಗಿ ಇನ್ನು ಮುಂದೆ ಸ್ವತಂತ್ರ ಬಿಳಿಯ ಗಂಡಸಿಗೆ ಮಾತ್ರ ಮತ. ತೆರಿಗೆ ಕಟ್ಟುವ ಗಂಡಸಾದರೆ ಐವತ್ತು ಪೌಂಡಿನ ಲೆಕ್ಕವೂ ಮಾಫಿ. ಕಳ್ಳಮತ ಹಾಕಿದ್ದು ಗಂಡಸು, ಶಿಕ್ಷೆಯಾದದ್ದು ಲಂಗಕ್ಕೆ.”

“ಕರಿಯರು ಏನು ಮಾಡಿದ್ದರು?” ಎಂದು ಗೋಪಾಲ ಕೇಳಿದ.

“ಅವರು ಲಂಗವನ್ನೂ ತೊಟ್ಟಿರಲಿಲ್ಲ.”

ಸ್ವಲ್ಪ ಹೊತ್ತು ಕೋಡುಬಳೆ ಮುರಿಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಮಾಂಟ್ಗೊಮರಿ ಎಂಬ ಊರಿನ 1801ರ ಮತಪಟ್ಟಿ ಸಿಕ್ಕಿದೆಯಂತೆ. ಅದರಲ್ಲಿ 40ಕ್ಕೂ ಹೆಚ್ಚು ಹೆಂಗಸರ ಹೆಸರುಗಳಿವೆ ಎಂದು ವಿಶಾಲಮ್ಮ ಹೇಳಿದರು. ಹೊಲದ ಕೆಲಸ ಬಿಟ್ಟು, ಕೆಸರು ತುಳಿದು ಹೋಗಿ, ಗಂಡಸರ ನಡುವೆ ನಿಂತು ಹೆಸರು ಬರೆಸಿದವರು. 1807ರ ಅಕ್ಟೋಬರಿನಲ್ಲಿ ಮತ ಹಾಕಿ ಬಂದ ಇಪ್ಪತ್ತೊಂದರ ಹುಡುಗಿ 1920ರಲ್ಲಿ ಮತ್ತೊಮ್ಮೆ ಹಾಕಬೇಕೆಂದರೆ ನೂರ ಮೂವತ್ತನಾಲ್ಕು ವರ್ಷ ಬದುಕಬೇಕಿತ್ತು.

ರಾಯರಿಗೆ ಇಷ್ಟು ಹೊತ್ತು ಸುಮ್ಮನಿದ್ದು ಅಭ್ಯಾಸವಿಲ್ಲ. “ನಿವಾಸಿಗಳಿಗೆಲ್ಲ ಮತ ಎಂದೆಯಲ್ಲ, ಆ ಕಾಲದಲ್ಲಿ ನಾನು ಹೋಗಿದ್ದರೆ ನನಗೂ ಇರುತ್ತಿತ್ತೇ?”

“ಒಂದು ವರ್ಷ ನೆಲೆಸಿರಬೇಕಿತ್ತು. ಚಳಿ ಬಂತೆಂದು ನೀವು ಆರನೆಯ ತಿಂಗಳಿಗೇ ಓಡಿ ಬಂದಿರಿ. ಸಾಲದ್ದಕ್ಕೆ ಐವತ್ತು ಪೌಂಡಿನ ಆಸ್ತಿ ಬೇಕು, ಈ ಮನೆ ಇರುವುದು ನನ್ನ ಹೆಸರಿನಲ್ಲಿ.”

“ಅಲ್ಲಿಯ ಕಾನೂನಿನ ಪ್ರಕಾರ ಅದು ನನ್ನದೇ ಆಗುತ್ತಿತ್ತು” ಎಂದು ರಾಯರು ಮೊದಲ ಬಾರಿಗೆ ನಕ್ಕರು. “ನೋಡಿ, ನಾನು ಹೇಳಲಿಲ್ಲವೇ? ನ್ಯೂಜೆರ್ಸಿಯಲ್ಲಿ ಹೀಗಿಲ್ಲ!”

ವಿಶಾಲಮ್ಮ ಅವರ ಮುಂದಿದ್ದ ಕೋಡುಬಳೆ ತಟ್ಟೆಯನ್ನು ಎತ್ತಿ ಗೋಪಾಲನ ಮುಂದಿಟ್ಟರು.