ಹತ್ತಕ್ಕೆ ಒಂಬತ್ತು

ನಮ್ಮ ಮನೆ ಗುಂಪು, ಭಾನುವಾರ ಮಧ್ಯಾಹ್ನ. ಫಾರ್ವರ್ಡ್ ಹಾಕಿದವಳು ನಾನೇ.

ನಾನು: "ಅಜ್ಜಿ ಕಾಲದ ಊಟ ಎಷ್ಟು ಉಳಿಸಿಕೊಂಡಿದ್ದೀರಿ? ರಾಗಿ, ಬೆರಕೆ ಸೊಪ್ಪು, ಕಾಳು, ಮಜ್ಜಿಗೆ, ಹುಚ್ಚೆಳ್ಳು... ಈ ವಾರ ತಿಂದಿದ್ದಕ್ಕೆ ಟಿಕ್ ಹಾಕಿ." ಎಲ್ಲರೂ ಮಾರ್ಕ್ಸ್ ಹೇಳಿ.

ದೊಡ್ಡಪ್ಪ: 10ಕ್ಕೆ 9. ದಿನಾ ಮುದ್ದೆ.

ದೊಡ್ಡಮ್ಮ: ನಿಂಬೆಹಣ್ಣಿನಷ್ಟು ಮುದ್ದೆ, ಆಮೇಲೆ ಎರಡು ಸಲ ಅನ್ನ. ಅದನ್ನೂ ಬರೀರಿ.

ಚಿಕ್ಕಪ್ಪ: 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ನಾನು: ರಾಗಿ ಬಿಸ್ಕತ್ತಿಗೆ ಅರ್ಧ ಮಾರ್ಕ್ಸ್ ಕೊಡ್ತೀರಾ?

ಚಿಕ್ಕಪ್ಪ: ಪ್ಯಾಕೆಟ್ ತಿರುಗಿಸಿ ಓದು.

ನಾನು: ಮೈದಾ. ಸಕ್ಕರೆ. ಎಣ್ಣೆ. ಆಮೇಲೆ ರಾಗಿ. ಸರಿ ಬಿಡಿ.

ಚಿಕ್ಕಪ್ಪ: 2013ರಲ್ಲಿ ಅನ್ನಭಾಗ್ಯ ಬಂತು, ಮುದ್ದೆ ಮೂಲೆಗೆ ಹೋಯ್ತು.

ಊರಿನ ಅತ್ತೆ: ಸುಮ್ನೆ ಅದರ ಮೇಲೆ ಹಾಕಬೇಡ. ನಮಗೆ ಚಿಕ್ಕಂದಿನಲ್ಲಿ ಅನ್ನ ಅಂದ್ರೆ ಹಬ್ಬ. ಮುದ್ದೆ ತಿಂದಿದ್ದು ಆರೋಗ್ಯಕ್ಕಲ್ಲ, ಇದ್ದಿದ್ದೇ ಅದು. ಅವ್ವ ಕೋಳಿ ಕೂಗೋ ಮುಂಚೆ ಎದ್ದು ರಾಗಿ ಬೀಸುತ್ತಿದ್ದಳು. ಅವಳಿಗೆ ಯಾರು ಮಾರ್ಕ್ಸ್ ಕೊಟ್ಟರು?

ದೊಡ್ಡಪ್ಪ: ಆದರೂ ಆ ಊಟ ಒಳ್ಳೇದಿತ್ತು ಅಲ್ವಾ?

ಊರಿನ ಅತ್ತೆ: ಇತ್ತು ಅಣ್ಣ, ಬರೀ ಮುದ್ದೆಯಿಂದಲ್ಲ. ರಾಗಿ ಹೊಲದಲ್ಲೇ ಅಕ್ಕಡಿ ಸಾಲು ಇರುತ್ತಿತ್ತು: ಅವರೆ, ತೊಗರಿ, ಹುಚ್ಚೆಳ್ಳು. ಕಾಳು, ಚಟ್ನಿಪುಡಿ ಎಲ್ಲ ಅಲ್ಲಿಂದಲೇ. ಮಿಷನ್ ಕಟಾವಿಗೆ ಅಡ್ಡ ಅಂತ ನಾವೇ ಬಿಟ್ಟೆವು. ಕಳೆ ಕೀಳಲು ಹೋದವರು ಮಡಿಲು ತುಂಬ ಅಣ್ಣೆ, ಗಣಿಕೆ, ಕಿರಕಸಾಲೆ ತರುತ್ತಿದ್ದರು, ರಾತ್ರಿಗೆ ಬಸ್ಸಾರು. ಈಗ ಬದುವಿಗೂ ಕಳೆ ಔಷಧಿ ಹೊಡೀತಾರೆ. ಆ ಸೊಪ್ಪು ತಿನ್ನೋಕೆ ಭಯ.

ಚಿಕ್ಕಪ್ಪ: ಹಾಗಾದರೆ ರಾಗಿ ತಂದು ಮುದ್ದೆ ಮಾಡಿದರೂ ಅರ್ಧ ಊಟ ಅಷ್ಟೇ.

ಊರಿನ ಅತ್ತೆ: ಅರ್ಧ ಆದರೂ ತಿನ್ನು. ಬೇಡ ಅಂದೆನಾ?

ನಾನು: ಅತ್ತೆ, ನಿಮ್ಮ ಮಾರ್ಕ್ಸ್?

ಊರಿನ ಅತ್ತೆ: ಬೆಳಿಗ್ಗೆ ಬ್ರೆಡ್ಡು, ಟೀ. ಮೊಣಕಾಲು ನೋವು, ಮುದ್ದೆ ತಿರುವೋಕೆ ಆಗಲ್ಲ. 10ಕ್ಕೆ 3 ಬರ್ಕೋ.

ಊರಿನ ಅತ್ತೆ: ಹಿತ್ತಲಿಗೆ ಮಾತ್ರ ಔಷಧಿ ಹೊಡೆಸಿಲ್ಲ. ಮುಂದಿನ ವಾರ ಬನ್ನಿ, ಸೊಪ್ಪು ಕೊಯ್ದು ಇಟ್ಟಿರ್ತೀನಿ. ಬಿಡಿಸೋದು ಮಾತ್ರ ಅಣ್ಣ.

ದೊಡ್ಡಮ್ಮ: ಇವರಾ? ನಿನ್ನೆಯ ಸೊಪ್ಪಿನ ಸಾರು ಮುಟ್ಟದೆ ಫ್ರಿಜ್ಜಿನಲ್ಲೇ ಇದೆ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ನಾನು: ದೊಡ್ಡಪ್ಪ, 9 ಅಳಿಸಿದ್ದು ನೋಡಿದೆ.